ಊರಿಗೊಂದು ಆಟದ ಬಯಲು

ಬೇಸಿಗೆಯ ರಜೆಯನ್ನು ಊರಿನಲ್ಲಿ ಕಳೆದು ಮರಳುವ ಹೊಟೇಲು ಬಂಧುಗಳೂ ಗುಮಾಸ್ತ ಮಿತ್ರರೂ ಹೊತ್ತು ತರುವ ವರ್ತಮಾನಗಳ ಸ್ವರೂಪ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮಳೆ-ಬೆಳೆ, ಮದುವೆ-ಮುಂಜಿ, ದೇವಸ್ಥಾನದ ಜೀರ್ಣೋದ್ಧಾರ, ಗಡಿಕಲ್ಲಿನ ತಕರಾರು, ಇವು ಎಂದಿನಂತೆ ಇದ್ದೇ ಇವೆ. ಇವುಗಳೊಡನೆ ಈಗ ತಂದೆಗೆ ಸಕ್ಕರೆ ಕಾಯಿಲೆ, ತಾಯಿಗೆ ಮೊಣಕಾಲು ನೋವು, ನಲವತ್ತು ದಾಟದ ಅಣ್ಣನಿಗೆ ರಕ್ತದೊತ್ತಡ ಎಂಬ ಸುದ್ದಿಗಳೂ ತಪ್ಪದೆ ಬರುತ್ತಿವೆ. ತಿಂಗಳು ತಿಂಗಳೂ ಊರಿಗೆ ಕಳುಹಿಸುವ ಹಣದಲ್ಲಿ ಔಷಧದ ಅಂಗಡಿಗೆ ಸಲ್ಲುವ ಪಾಲು ಬೆಳೆಯುತ್ತಿದೆಯೆಂದು ಗಲ್ಲಾದ ಮೇಲೆ ಕುಳಿತವನೂ ಹೇಳುತ್ತಾನೆ, ತಟ್ಟೆ ತೊಳೆಯುವವನೂ ಹೇಳುತ್ತಾನೆ. ಇದನ್ನು ಆಯಾ ಮನೆಯ ದುರದೃಷ್ಟವೆಂದು ಬಗೆದು ಸುಮ್ಮನಿರಲಾಗದು. ನಮ್ಮ ಹಳ್ಳಿಗಳ ಜೀವನಕ್ರಮದಲ್ಲಿ ಆಗಿರುವ ಒಂದು ದೊಡ್ಡ ಮಾರ್ಪಾಟಿನ ಫಲವಿದು. ಈ ವಿಷಯದಲ್ಲಿ ಪರವೂರಿನಲ್ಲಿರುವ ನಾವು ಯೋಚಿಸತಕ್ಕದ್ದೂ ಮಾಡತಕ್ಕದ್ದೂ ಬಹಳವಿದೆಯೆಂಬುದು ನಮ್ಮ ಅಭಿಪ್ರಾಯ.

ಹಳ್ಳಿಯವನೆಂದರೆ ಗಟ್ಟಿಮುಟ್ಟಾದವನು, ಪಟ್ಟಣದವನೆಂದರೆ ನಿಶ್ಶಕ್ತನು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಊರಿನ ಗಾಳಿ, ಊರಿನ ನೀರು, ಊರಿನ ಕೆಲಸ, ಇವುಗಳಿದ್ದಲ್ಲಿ ರೋಗವು ಸುಳಿಯದೆಂದು ನಾವು ಎಣಿಸುತ್ತ ಬಂದಿದ್ದೇವೆ. ಆದರೆ ಲೆಕ್ಕಗಳು ಬೇರೆ ಮಾತನ್ನು ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ, ಚಂಡೀಗಢಗಳಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ಜನರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶಗಳು 2014ರಲ್ಲಿ ಪ್ರಕಟವಾದುವು. ಸಾಕಷ್ಟು ದೇಹಶ್ರಮವಿಲ್ಲದವರು ಪಟ್ಟಣಗಳಲ್ಲಿ ನೂರಕ್ಕೆ 65 ಮಂದಿ, ಹಳ್ಳಿಗಳಲ್ಲಿ ನೂರಕ್ಕೆ 50 ಮಂದಿ. ವಿರಾಮದ ವೇಳೆಯಲ್ಲಿ ಆಟವನ್ನೋ ವ್ಯಾಯಾಮವನ್ನೋ ಮಾಡುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಹಳ್ಳಿಯ ಜನರಲ್ಲಿ ಅರ್ಧದಷ್ಟು ಮಂದಿ ಮೈ ಬಗ್ಗಿಸದೆ ದಿನ ಕಳೆಯುತ್ತಾರೆಂದರೆ ನಮ್ಮ ಹಿರಿಯರು ನಂಬುತ್ತಿದ್ದರೆ?

ಅದೇ ಮಂಡಳಿಯ ಸಮೀಕ್ಷೆಯ ದೇಶವ್ಯಾಪಿ ಫಲಿತಾಂಶಗಳು 2023ರಲ್ಲಿ ಹೊರಬಿದ್ದುವು. ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರು 10.1 ಕೋಟಿ ಎಂಬುದು ಅದರ ಅಂದಾಜು. ಪಟ್ಟಣದ ವಯಸ್ಕರಲ್ಲಿ ನೂರಕ್ಕೆ 16.4, ಹಳ್ಳಿಯ ವಯಸ್ಕರಲ್ಲಿ ನೂರಕ್ಕೆ 8.9. ಇಷ್ಟನ್ನೇ ಓದಿದವರು ಹಳ್ಳಿ ಇನ್ನೂ ಸುರಕ್ಷಿತವಾಗಿದೆಯೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅದರ ಪಕ್ಕದ ಅಂಕಣವನ್ನು ನೋಡಬೇಕು. ಕಾಯಿಲೆಯ ಹೊಸ್ತಿಲಿನಲ್ಲಿ ನಿಂತವರು, ಅಂದರೆ ರಕ್ತದ ಸಕ್ಕರೆಯು ಮಿತಿಮೀರುವುದರಲ್ಲಿದ್ದವರು, ಪಟ್ಟಣದಲ್ಲಿ ನೂರಕ್ಕೆ 15.4, ಹಳ್ಳಿಯಲ್ಲಿ ನೂರಕ್ಕೆ 15.2. ಹೊಸ್ತಿಲಿನಲ್ಲಿ ಹಳ್ಳಿಗೂ ಪಟ್ಟಣಕ್ಕೂ ಭೇದವೇ ಉಳಿದಿಲ್ಲ. ಇನ್ನು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೇಹಚಲನೆಯಿಲ್ಲ; ಗಂಡಸರಲ್ಲಿ ನೂರಕ್ಕೆ 42 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ.

ಇದು ಹೇಗೆ ಸಂಭವಿಸಿತೆಂಬುದನ್ನು ಊಹಿಸಲು ಪಂಡಿತರ ಸಹಾಯ ಬೇಕಾಗಿಲ್ಲ. ಬೆಳಗ್ಗೆ ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ಕುಟ್ಟುವುದು, ರುಬ್ಬುವ ಕಲ್ಲಿನಲ್ಲಿ ಅರೆಯುವುದು, ಗುಡ್ಡದಿಂದ ಸೊಪ್ಪು ಸೌದೆ ಹೊತ್ತು ತರುವುದು, ಗದ್ದೆಗೆ ಗೊಬ್ಬರ ಹೊರುವುದು, ಮೂರು ಮೈಲು ನಡೆದು ಶಾಲೆಗೋ ಸಂತೆಗೋ ಹೋಗುವುದು. ಇವೆಲ್ಲ ಕೂಡಿ ಊರಿನ ದಿನಚರಿಯಾಗಿತ್ತು. ಈಗ ಬಾವಿಗೆ ಪಂಪು ಬಂದಿದೆ. ಅಡಿಗೆಮನೆಗೆ ಮಿಕ್ಸಿಯೂ ಗ್ರೈಂಡರೂ ಅನಿಲದ ಒಲೆಯೂ ಬಂದಿವೆ. ಗದ್ದೆಗೆ ಟಿಲ್ಲರೂ ಕಟಾವಿನ ಯಂತ್ರವೂ ಬಂದಿವೆ. ಅನೇಕ ಕಡೆಗಳಲ್ಲಿ ಗದ್ದೆಯೇ ಹಡಿಲು ಬಿದ್ದಿದೆ. ಹಾಲಿನ ಡೈರಿಗೆ ಹೋಗಲು ಮೋಟಾರು ಸೈಕಲು, ಮಕ್ಕಳನ್ನು ಶಾಲೆಗೆ ಒಯ್ಯಲು ಮನೆಬಾಗಿಲಿಗೆ ಹಳದಿ ಬಸ್ಸು. ಸಂಜೆಯಾದರೆ ಹಿರಿಯರಿಗೆ ದೂರದರ್ಶನದ ಧಾರಾವಾಹಿ, ಕಿರಿಯರಿಗೆ ಕೈಯಲ್ಲಿನ ಮೊಬೈಲು.

ಹೀಗೆಂದು ನಾವು ಒರಳು ಒನಕೆಗಳ ಕಾಲವು ಮರಳಿ ಬರಲೆಂದು ಹಂಬಲಿಸುವವರಲ್ಲ. ಆ ಕೆಲಸಗಳು ನಮ್ಮ ತಾಯಂದಿರ ಬೆನ್ನನ್ನು ಮುರಿದುವು. ಅವರನ್ನು ಅಕಾಲದಲ್ಲಿ ಮುದುಕಿಯರನ್ನಾಗಿ ಮಾಡಿದುವು. ಆ ಕಷ್ಟದಿಂದ ತಪ್ಪಿಸಿಕೊಳ್ಳಲೆಂದೇ ನಮ್ಮಲ್ಲಿ ಬಹುಮಂದಿ ಚಿಕ್ಕ ವಯಸ್ಸಿನಲ್ಲಿ ಘಟ್ಟ ಹತ್ತಿದೆವು, ಹಡಗು ಹತ್ತಿದೆವು, ರೈಲು ಹತ್ತಿದೆವು. ಯಂತ್ರವು ಬಂದುದು ಒಳ್ಳೆಯದೇ. ಆದರೆ ಆ ಶ್ರಮವು ದೇಹಕ್ಕೆ ಮಾಡುತ್ತಿದ್ದ ಒಂದು ಉಪಕಾರವೂ ಅದರೊಡನೆ ಹೋಯಿತು. ಆ ಸ್ಥಾನವನ್ನು ತುಂಬುವ ಬೇರೆ ಯಾವ ಏರ್ಪಾಡೂ ಹಳ್ಳಿಯಲ್ಲಿ ಆಗಲಿಲ್ಲ. ಪಟ್ಟಣದವನಿಗೆ ಉದ್ಯಾನವುಂಟು, ಕಡಲ ದಂಡೆಯುಂಟು, ಹಣ ತೆತ್ತರೆ ವ್ಯಾಯಾಮಶಾಲೆಯುಂಟು. ಸಾವಿರ ಜನವಸತಿಯ ಹಳ್ಳಿಗೆ ಏನುಂಟು?

ಈ ಮಾರ್ಪಾಟಿನಲ್ಲಿ ಪರವೂರಿನ ನಮ್ಮ ಪಾತ್ರವು ಸಣ್ಣದಲ್ಲ. ಊರಿನ ಮನೆಗೆ ಪಂಪು, ಮಿಕ್ಸಿ, ಮೋಟಾರು ಸೈಕಲುಗಳನ್ನು ಕೊಂಡದ್ದು ಬಹುತೇಕ ನಾವು ಕಳುಹಿಸಿದ ಹಣದಿಂದ. ನಾವು ಹೊರಟುಬಂದುದರಿಂದ ಊರಿನ ಹರೆಯವೂ ಹೊರಟುಬಂದಿತು. ಕಬಡ್ಡಿಯ ಒಂದು ಪಂಗಡಕ್ಕೆ ಏಳು ಮಂದಿ ಬೇಕು. ಎದುರು ಪಂಗಡಕ್ಕೆ ಮತ್ತೆ ಏಳು. ಹದಿನಾಲ್ಕು ಮಂದಿ ಹುಡುಗರು ಸಂಜೆಯ ಹೊತ್ತಿಗೆ ಒಟ್ಟುಗೂಡುವ ಗ್ರಾಮಗಳು ಕರಾವಳಿಯಲ್ಲಿ ಕಡಿಮೆಯಾಗುತ್ತಿವೆ. ಉಳಿದಿರುವವರು ವೃದ್ಧರು, ಹೆಂಗಸರು, ಮಕ್ಕಳು. ಆದುದರಿಂದ ಹಳ್ಳಿಯ ವ್ಯಾಯಾಮವೆಂದರೆ ಹರೆಯದವರ ಪಂದ್ಯಾಟವೆಂಬ ಹಳೆಯ ಕಲ್ಪನೆಯನ್ನು ಬಿಟ್ಟು, ಈಗ ಊರಿನಲ್ಲಿ ಯಾರಿದ್ದಾರೋ ಅವರಿಗೆ ಏನು ಬೇಕೆಂದು ಯೋಚಿಸಬೇಕಾಗಿದೆ.

ನಮ್ಮ ಹಿರಿಯರು ದುಡಿಮೆಯನ್ನಷ್ಟೇ ನೆಚ್ಚಿದವರಲ್ಲವೆಂಬುದನ್ನು ಇಲ್ಲಿ ನೆನೆಯುವುದು ಯೋಗ್ಯ. ಮೈಸೂರು ಸೀಮೆಯಲ್ಲಿ ಗರಡಿಮನೆಗಳಿದ್ದುವು. ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ಮಾಡದ ಹುಡುಗನನ್ನು ಆ ಕೇರಿಯವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಜಾತ್ರೆಯ ದಿನ ಕುಸ್ತಿಯೂ ಸಂಗ್ರಾಣಿ ಕಲ್ಲು ಎತ್ತುವ ಪಂಥವೂ ನಡೆಯುತ್ತಿದ್ದುವು, ಈಗಲೂ ಕೆಲವೆಡೆ ನಡೆಯುತ್ತಿವೆ. ತುಳುನಾಡಿನಲ್ಲಿ ಕೋಟಿ ಚೆನ್ನಯರ ಆರಾಧನೆಯ ಸ್ಥಳಕ್ಕೆ ಗರಡಿಯೆಂದೇ ಹೆಸರು. ಅಂಗಸಾಧನೆಯ ಮನೆಯೇ ಪೂಜೆಯ ಮನೆಯೂ ಆದ ನಾಡು ನಮ್ಮದು. ಸುಗ್ಗಿಯ ಕೊಯ್ಲು ಮುಗಿದ ಗದ್ದೆಯು ಊರ ಮಕ್ಕಳಿಗೆಲ್ಲ ಆಟದ ಬಯಲಾಗುತ್ತಿತ್ತು. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆಮೇಲೆ ಯುವಕ ಮಂಡಲಗಳು ಹುಟ್ಟಿದುವು. ಒಂದು ವಾಲಿಬಾಲು, ಒಂದು ಬಲೆ, ಒಂದು ಪೆಟ್ರೋಮ್ಯಾಕ್ಸ್ ದೀಪ, ಇಷ್ಟೇ ಅವುಗಳ ಆಸ್ತಿ. ಆದರೂ ಸಂಜೆ ಐದಕ್ಕೆ ಊರಿನ ಹುಡುಗರು ಎಲ್ಲಿದ್ದಾರೆಂದು ತಂದೆತಾಯಿಗಳಿಗೆ ಗೊತ್ತಿರುತ್ತಿತ್ತು.

ಈಗ ಊರಿನಲ್ಲಿ ಕ್ರೀಡೆಯೇ ಇಲ್ಲವೆಂದು ಯಾರೂ ಹೇಳಲಾರರು. ಆಟಿಯ ತಿಂಗಳಿನಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳ ಭರಾಟೆ. ಚಳಿಗಾಲ ಬಂತೆಂದರೆ ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳು. ಕಂಬಳಕ್ಕೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅನುಮತಿಯನ್ನು ಎತ್ತಿಹಿಡಿದ ಮೇಲೆ ಅದರ ಕಳೆಯೂ ಏರಿದೆ. ಇವುಗಳ ಕರಪತ್ರಗಳಲ್ಲಿ ಮುಂಬಯಿಯ ಹೊಟೇಲು ಮಾಲಕರ ಹೆಸರುಗಳು ದಪ್ಪಕ್ಷರದಲ್ಲಿ ಅಚ್ಚಾಗುತ್ತವೆ. ಆಳೆತ್ತರದ ಪಾರಿತೋಷಕಗಳ ಮೇಲೆ ನಮ್ಮವರ ದಿವಂಗತ ತಂದೆಯವರ ಹೆಸರು ಕೆತ್ತಿರುತ್ತದೆ. ಈ ಉತ್ಸಾಹವನ್ನು ನಾವು ಹಳಿಯುವವರಲ್ಲ. ಅದರಿಂದ ಊರಿನಲ್ಲಿ ಜನ ಸೇರುತ್ತದೆ, ಸಂತೋಷವಾಗುತ್ತದೆ. ಆದರೆ ಲೆಕ್ಕ ಬಲ್ಲವರಾದ ನಾವು ಲೆಕ್ಕವನ್ನೂ ಹಾಕಬೇಕು. ಒಂದು ರಾತ್ರಿಯ ಪಂದ್ಯಾಟದಲ್ಲಿ ಓಡಿದವರು ಎಷ್ಟು ಮಂದಿ, ಕುರ್ಚಿಯಲ್ಲಿ ಕುಳಿತು ಗೋಬಿ ಮಂಚೂರಿ ತಿಂದವರು ಎಷ್ಟು ಮಂದಿ? ಓಡಿದವರಲ್ಲಿಯೂ ಹಲವರು ಹಣಕ್ಕಾಗಿ ಪರವೂರಿನಿಂದ ಕರೆಸಿದ ಆಟಗಾರರು. ಕೆಸರುಗದ್ದೆಯ ಒಂದು ದಿನದ ಓಟವು ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಕುಳಿತಿರುವಿಕೆಗೆ ಪರಿಹಾರವಾಗಲಾರದು. ವರ್ಷಕ್ಕೊಂದು ಸಲ ಔತಣ ಹಾಕಿ ಉಳಿದ ದಿನ ಭಟ್ಟಿಯನ್ನು ಹೊತ್ತಿಸದ ಹೊಟೇಲು ನಡೆಯುವುದುಂಟೆ?

ಸರಕಾರವೂ ಸುಮ್ಮನಿಲ್ಲ. ಖೇಲೋ ಇಂಡಿಯಾ ಎಂಬ ಯೋಜನೆ ಬಂದಿದೆ. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಎಂಬ ಚಳವಳಿಯು ಆರಂಭವಾಯಿತು. ರಾಜ್ಯದ ಅನೇಕ ಶಾಲೆಗಳ ಆಟದ ಬಯಲುಗಳು ಉದ್ಯೋಗ ಖಾತರಿ ಯೋಜನೆಯ ಕೆಲಸದಿಂದ ಸಿದ್ಧವಾದುವು. ಇವು ಸ್ವಾಗತಾರ್ಹವೇ. ಆದರೆ ಜಿಲ್ಲಾ ಕೇಂದ್ರದ ಕ್ರೀಡಾಂಗಣವು ಮೂವತ್ತು ಮೈಲು ದೂರದ ಮುದುಕಿಗೆ ಏನು ಪ್ರಯೋಜನ? ಅಲ್ಲಲ್ಲಿ ಬಯಲಿನಲ್ಲಿ ಕಬ್ಬಿಣದ ವ್ಯಾಯಾಮ ಸಾಧನಗಳನ್ನು ನೆಟ್ಟಿದ್ದಾರೆ. ಉದ್ಘಾಟನೆಯ ದಿನ ಗಣ್ಯರು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಎರಡು ಮಳೆಗಾಲ ಕಳೆಯುವುದರೊಳಗೆ ಕೀಲುಗಳು ತುಕ್ಕು ಹಿಡಿದುವು. ಎಣ್ಣೆ ಹಾಕುವವರು ಯಾರೆಂದು ಮೊದಲೇ ನಿಶ್ಚಯಿಸದೆ ಯಂತ್ರ ತಂದರೆ ಆಗುವುದೇ ಹೀಗೆಂದು ಗ್ರೈಂಡರು ಇಟ್ಟ ಯಾವ ಹೊಟೇಲಿನವನೂ ಹೇಳಬಲ್ಲನು.

ಹಾಗಾದರೆ ಬೇಕಾದುದು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳು ಭಾರವಾದುವಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಅಂದರೆ ವಾರದಲ್ಲಿ ಐದು ದಿನ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೂ ಕನಿಷ್ಠ ಮಟ್ಟ ಮುಟ್ಟಿದಂತಾಗುತ್ತದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಓಡಾಟ. ಅರವತ್ತೈದು ದಾಟಿದವರಿಗೆ ಇವುಗಳ ಜತೆಗೆ ವಾರಕ್ಕೆ ಮೂರು ದಿನವಾದರೂ ಮೈಯ ತೋಲನವನ್ನೂ ಕಾಲಿನ ಬಲವನ್ನೂ ಕಾಯುವ ಅಭ್ಯಾಸ. ಯಾಕೆಂದರೆ ಆ ವಯಸ್ಸಿನಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದರೆ ಮತ್ತೆ ಎದ್ದು ನಡೆಯುವುದು ದುಸ್ತರ. ಎಷ್ಟು ಸ್ವಲ್ಪವಾದರೂ ಏನೂ ಇಲ್ಲದುದಕ್ಕಿಂತ ಮೇಲೆಂದು ಅದೇ ಸೂಚನೆಗಳು ಹೇಳುತ್ತವೆ.

ಇದರಿಂದ ಫಲವುಂಟೆ ಎಂದು ಕೇಳುವವರಿಗೆ ಚೆನ್ನೈಯ ಒಂದು ಪ್ರಯೋಗವನ್ನು ತೋರಿಸಬಹುದು. ಡಾಕ್ಟರ್ ಎ. ರಾಮಚಂದ್ರನ್ ಅವರೂ ಅವರ ಸಂಗಡಿಗರೂ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷಗಳ ಕಾಲ ನೋಡಿಕೊಂಡು ಅದರ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಆಹಾರದಲ್ಲಿ ಮಿತಿ ಮತ್ತು ದಿನವೂ ನಡಿಗೆ, ಇಷ್ಟನ್ನೇ ಪಾಲಿಸಿದವರಲ್ಲಿ ಕಾಯಿಲೆಗೆ ತುತ್ತಾಗುವ ಸಂಭವವು ಶೇಕಡಾ 28.5ರಷ್ಟು ಕಡಿಮೆಯಾಯಿತು. ಮಾತ್ರೆ ನುಂಗಿದವರಿಗೆ ದೊರೆತ ಲಾಭವು ಇದಕ್ಕಿಂತ ಹೆಚ್ಚಿನದಾಗಿರಲಿಲ್ಲ. ನಡಿಗೆಗೆ ಅಂಗಡಿಯಲ್ಲಿ ಬಿಲ್ಲು ಕೊಡಬೇಕಾಗಿಲ್ಲವೆಂಬುದನ್ನು ತಿಂಗಳ ಸಂಬಳದಲ್ಲಿ ಔಷಧದ ಹಣ ಎತ್ತಿಡುವ ನಮ್ಮ ವಾಚಕರು ಗಮನಿಸಬೇಕು.

ನಡೆಯಿರಿ ಎಂದು ಹೇಳುವುದು ಸುಲಭ. ಎಲ್ಲಿ ನಡೆಯುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ. ಊರಿನ ರಸ್ತೆಗೆ ಡಾಂಬರು ಬಿದ್ದಮೇಲೆ ವಾಹನಗಳ ವೇಗವೂ ಏರಿದೆ. ಅಂಚಿನಲ್ಲಿ ಕಾಲಿಡಲು ಸ್ಥಳವಿಲ್ಲ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ನಾಲ್ಕು ತಿಂಗಳು ಮಳೆ. ಬಯಲುಸೀಮೆಯಲ್ಲಿ ಮೂರು ತಿಂಗಳು ಉರಿಬಿಸಿಲು. ಹೆಂಗಸೊಬ್ಬಳು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಎಲ್ಲಿಗೆ ಹೊರಟೆ ಎಂದು ನಾಲ್ಕು ಮಂದಿ ಕೇಳುತ್ತಾರೆ; ವ್ಯಾಯಾಮಕ್ಕೆಂದರೆ ನಗುತ್ತಾರೆ. ಒಬ್ಬಳೇ ನಡೆದರೆ ನಗುವ ಊರು ಹತ್ತು ಮಂದಿ ಕೂಡಿ ನಡೆದರೆ ನಗುವುದಿಲ್ಲ. ಆದುದರಿಂದ ಹಳ್ಳಿಯಲ್ಲಿ ವ್ಯಾಯಾಮವು ಒಬ್ಬೊಬ್ಬರ ಸಂಕಲ್ಪದಿಂದ ನಡೆಯತಕ್ಕದ್ದಲ್ಲ, ಕೂಟದಿಂದ ನಡೆಯತಕ್ಕದ್ದು. ಅದಕ್ಕೆ ಹತ್ತಿರದ ಸ್ಥಳ ಬೇಕು, ಗೊತ್ತಾದ ಹೊತ್ತು ಬೇಕು, ಮುಂದೆ ನಿಲ್ಲುವ ಒಬ್ಬರು ಬೇಕು.

ಮೊದಲು ಸ್ಥಳದ ಮಾತು. ನಮ್ಮ ಊರುಗಳಲ್ಲಿ ದೇವಸ್ಥಾನದ ಪಕ್ಕದಲ್ಲಿಯೋ ಸಂಘದ ನಿವೇಶನದಲ್ಲಿಯೋ ಒಂದು ಸಭಾಭವನವಿರುತ್ತದೆ. ಅದರ ಗೋಡೆಯ ಅಮೃತಶಿಲೆಯ ಮೇಲೆ ದಾನಿಗಳ ಪಟ್ಟಿಯಿರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಮುಂಬಯಿ, ಪುಣೆ, ಬೆಂಗಳೂರುಗಳ ಹೆಸರುಗಳು. ಆ ಭವನವು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ? ಮದುವೆಯ ಮುಹೂರ್ತಗಳಿರುವ ದಿನಗಳಲ್ಲಿ ಮಾತ್ರ. ಉಳಿದ ದಿನ ಬೀಗ. ಹೊರಗೆ ಆಷಾಢದ ಮಳೆ ಸುರಿಯುತ್ತಿರುವಾಗ ಒಳಗೆ ನುಣುಪಾದ ನೆಲ, ಗಾಳಿ, ಬೆಳಕು, ಇಷ್ಟಿದ್ದೂ ಊರಿನ ಹೆಂಗಸರೂ ಮಕ್ಕಳೂ ಮನೆಯೊಳಗೆ ಕುಳಿತಿರುತ್ತಾರೆ. ಹೊಸ ಕಟ್ಟಡಕ್ಕೆ ಚಂದಾ ಕೇಳಲು ಊರಿನ ಗುರಿಕಾರರು ಮುಂಬಯಿಗೆ ಬಂದಾಗ ನಾವು ಕೈತುಂಬ ಕೊಡೋಣ. ಆದರೆ ಕೊಡುವಾಗ ಒಂದು ಮಾತನ್ನು ವಿನಯದಿಂದ ಕೇಳೋಣ: ಮದುವೆಯಿಲ್ಲದ ದಿನ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಈ ಭವನದ ಬಾಗಿಲು ಊರವರಿಗೆಲ್ಲ ತೆರೆದಿರಬೇಕು. ಕೀಲಿಕೈ ಯಾರ ಬಳಿ ಇರುವುದೆಂದು ಠರಾವಿನಲ್ಲಿ ಬರೆಯಬೇಕು.

ಬಯಲಿನ ಲೆಕ್ಕವೂ ದೊಡ್ಡದಲ್ಲ. ಕಬಡ್ಡಿಯ ಅಂಕಣವು ಗಂಡಸರಿಗೆ 13 ಮೀಟರು ಉದ್ದ, 10 ಮೀಟರು ಅಗಲ. ಹೆಂಗಸರಿಗೆ 12 ಮತ್ತು 8. ವಾಲಿಬಾಲಿನ ಅಂಕಣ 18 ಮತ್ತು 9. ಸುತ್ತಲೂ ಓಡಾಡಲು ಬೇಕಾದ ಜಾಗವನ್ನು ಕೂಡಿಸಿದರೂ ಎರಡಕ್ಕೂ ಹದಿನೈದು ಸೆಂಟ್ಸು ಸ್ಥಳ, ಬಯಲುಸೀಮೆಯವರ ಲೆಕ್ಕದಲ್ಲಿ ಆರು ಗುಂಟೆ, ಸಾಕು. ಇಷ್ಟು ಜಾಗವಿಲ್ಲದ ಗ್ರಾಮವನ್ನು ನಾವು ಕಾಣೆವು. ಹಡಿಲು ಬಿದ್ದ ಗದ್ದೆಗಳ ಒಡೆಯರಲ್ಲಿ ಬಹುಮಂದಿ ಈ ಪತ್ರಿಕೆಯನ್ನು ಓದುತ್ತಿರುವವರೇ! ಮಾರಲೂ ಮನಸ್ಸಿಲ್ಲದೆ, ಬೇಸಾಯಕ್ಕೂ ಆಳಿಲ್ಲದೆ ಮುಳ್ಳು ಬೆಳೆಯುತ್ತಿರುವ ತುಂಡೊಂದನ್ನು ಐದು ವರ್ಷಗಳ ಮಟ್ಟಿಗೆ ಶಾಲೆಗೋ ಪಂಚಾಯತಿಗೋ ಬರವಣಿಗೆಯ ಕರಾರಿನೊಡನೆ ಬಿಟ್ಟುಕೊಟ್ಟರೆ ಒಡೆತನಕ್ಕೆ ಕುಂದಿಲ್ಲ, ಊರಿಗೆ ಉಪಕಾರ.

ಇಂಥ ಚಿಕ್ಕ ಬಯಲುಗಳಿಂದ ಏನಾಗುವುದೆಂದು ಅಲ್ಲಗಳೆಯಬಾರದು. ಕಬಡ್ಡಿ, ಖೊಖೊಗಳು ಹಳ್ಳಿಯ ಮಣ್ಣಿನ ಆಟಗಳು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಇಂಥ ದೇಶೀ ಆಟಗಳನ್ನು 1936ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿಸಿ ಬಂದರು. 1990ರಲ್ಲಿ ಕಬಡ್ಡಿಯು ಏಷ್ಯನ್ ಕ್ರೀಡೆಗಳನ್ನು ಸೇರಿತು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರು 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ತಂಡವನ್ನು ನಡೆಸಿ ಗೆದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಗ್ರಾಮದ ಚೈತ್ರಾ ಅವರು 2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ ಗೆದ್ದ ಭಾರತದ ಖೊಖೊ ತಂಡದಲ್ಲಿ ಆಡಿದರು. ಇವರ ಕೀರ್ತಿಗೆ ನಾವು ಹಿಗ್ಗುವುದು ಸಹಜ. ಆದರೆ ಎಲ್ಲ ಮಕ್ಕಳೂ ಪದಕ ತರಬೇಕಾಗಿಲ್ಲ. ನೂರು ಮಕ್ಕಳು ಸಂಜೆ ಬೆವರಿ ಮನೆಗೆ ಮರಳಿದರೆ, ಹಸಿದು ಉಂಡು ಗಾಢವಾಗಿ ಮಲಗಿದರೆ, ಆ ಬಯಲು ಸಾರ್ಥಕವಾಯಿತೆಂದು ತಿಳಿಯಬೇಕು.

ಹೆಂಗಸರ ವಿಷಯದಲ್ಲಿ ವಿಶೇಷವಾದ ಎಚ್ಚರ ಬೇಕು. ಮೇಲೆ ಹೇಳಿದ ಅಂಕೆಗಳಲ್ಲಿ ಅವರ ಪಾಲೇ ಹೆಚ್ಚೆಂಬುದನ್ನು ವಾಚಕರು ಮರೆಯಬಾರದು. ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸದಲ್ಲಿದ್ದೂ ಅವರಿಗೆ ಚುರುಕಾದ ನಡಿಗೆಗೆ ಎಡೆಯಿಲ್ಲ, ತಮ್ಮದೆಂಬ ಹೊತ್ತಿಲ್ಲ. ಆದರೆ ಈಗ ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘಗಳಿವೆ. ಉಳಿತಾಯದ ಹಣ ಕಟ್ಟಲು ವಾರಕ್ಕೊಂದು ಸಲ ಹೆಂಗಸರು ಕೂಡುತ್ತಾರೆ. ಕೂಡುವ ಅಭ್ಯಾಸವೂ ಪರಸ್ಪರ ವಿಶ್ವಾಸವೂ ಅಲ್ಲಿ ಸಿದ್ಧವಾಗಿಯೇ ಇವೆ. ಆ ಸಂಘದವರೇ ವಾರದಲ್ಲಿ ಐದು ದಿನ ಅರ್ಧ ಗಂಟೆ ಒಟ್ಟಾಗಿ ನಡೆಯುವುದೆಂದು ನಿಶ್ಚಯಿಸಿದರೆ ತಡೆಯುವವರು ಯಾರು? ಆ ಅರ್ಧ ಗಂಟೆ ಒಲೆಯ ಮುಂದೆ ನಿಲ್ಲುವವನು ಗಂಡನಾಗಬೇಕು. ಮುಂಬಯಿಯಲ್ಲಿ ನೂರಾರು ಜನರಿಗೆ ಅಡಿಗೆ ಮಾಡಿ ಬಡಿಸುವ ನಮ್ಮವರು ಊರಿನಲ್ಲಿ ಅಣ್ಣತಮ್ಮಂದಿರಿಗೆ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲರು.

ವೃದ್ಧರಿಗೆ ಇನ್ನೂ ಸುಲಭವಾದ ಕ್ರಮ ಸಾಕು. ಜಗಲಿಯ ಕಂಬವನ್ನು ಹಿಡಿದು ಒಂದು ಕಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು, ಬೆಂಚಿನಿಂದ ಕೈಯೂರದೆ ಹತ್ತು ಸಲ ಏಳುವುದು ಕೂರುವುದು, ದೇವಸ್ಥಾನದ ಅಂಗಣದಲ್ಲಿ ನಿಧಾನವಾಗಿ ಪ್ರದಕ್ಷಿಣೆ ಬರುವುದು. ಎದೆನೋವು, ತಲೆಸುತ್ತುಗಳುಳ್ಳವರು ವೈದ್ಯರನ್ನು ಕೇಳಿ ಆರಂಭಿಸಬೇಕು. ಪ್ರದಕ್ಷಿಣೆಯು ಪುಣ್ಯವನ್ನೂ ಕೊಡುತ್ತದೆ, ಕಾಲನ್ನೂ ಕಾಯುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ದಿನವಿಡೀ ಕೂಲಿ ಮಾಡಿ ಬಂದವನಿಗೆ ವ್ಯಾಯಾಮದ ಉಪದೇಶವೆ ಎಂದು ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆ. ಕಲ್ಲುಕೋರೆಯಲ್ಲಿ ದುಡಿಯುವವನಿಗೂ, ಅಡಿಕೆಯ ಮರವನ್ನು ಹತ್ತಿಳಿಯುವವನಿಗೂ ಬೇಕಾದುದು ವಿಶ್ರಾಂತಿ, ಪುಷ್ಟಿಯಾದ ಊಟ, ನ್ಯಾಯವಾದ ಕೂಲಿ. ಅವನನ್ನು ಕಬಡ್ಡಿಗೆ ಕರೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಅವನ ಮಕ್ಕಳಿಗೆ ಆಟದ ಬಯಲು ಬೇಕು; ಅದೂ ಮಿಕ್ಕ ಮಕ್ಕಳ ಜತೆಗೆ ಒಂದೇ ಬಯಲು. ನಮ್ಮ ಸಭಾಭವನಗಳು ಅನೇಕವು ಜಾತಿಜಾತಿಯವಾಗಿವೆ; ಬಯಲು ಹಾಗಾಗಬಾರದು. ಕಬಡ್ಡಿಯಲ್ಲಿ ಎದುರಾಳಿಯ ಕಾಲನ್ನು ಅಪ್ಪಿ ಹಿಡಿಯದೆ ಗತ್ಯಂತರವಿಲ್ಲ. ಮುಟ್ಟಿದ ಮೈ ಯಾರದೆಂದು ವಿಚಾರಿಸುವಷ್ಟರಲ್ಲಿ ಆಳು ಗೆರೆ ದಾಟಿರುತ್ತಾನೆ. ಕಾಲೊನಿಯ ಹುಡುಗರು ದೂರ ನಿಂತು ನೋಡುವ ಬಯಲಿಗೆ ನಮ್ಮ ಒಂದು ರೂಪಾಯಿಯೂ ಸಲ್ಲಬಾರದು.

ಇನ್ನು ಮಾಡತಕ್ಕ ಕೆಲಸವನ್ನು ಸಂಗ್ರಹವಾಗಿ ಸೂಚಿಸುತ್ತೇವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಇರುವ ನಮ್ಮ ಊರೊಕ್ಕೂಟಗಳೂ ಗ್ರಾಮ ಹಿತೈಷಿ ಸಂಘಗಳೂ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಒಂದು ಬಾಬಾಗಿ ಎತ್ತಿಕೊಳ್ಳಲಿ. ಊರಿಗೆ ಕಳುಹಿಸುವ ದೇಣಿಗೆಯ ಹತ್ತರಲ್ಲಿ ಒಂದು ಪಾಲನ್ನು ಬಯಲಿಗೂ ಅದರ ನಿರ್ವಹಣೆಗೂ ಮೀಸಲಿಡಲಿ. ನಿರ್ವಹಣೆಯೆಂಬ ಶಬ್ದವನ್ನು ನಾವು ಒತ್ತಿ ಹೇಳುತ್ತೇವೆ. ಸಂಜೆ ಒಂದೂವರೆ ಗಂಟೆ ಮಕ್ಕಳನ್ನು ಆಡಿಸಿ, ಬಲೆ ಕಟ್ಟಿ ಬಿಚ್ಚಿ, ಸುಣ್ಣದ ಗೆರೆ ಎಳೆಯುವ ಊರಿನದೇ ಒಬ್ಬ ತರುಣನಿಗೋ ತರುಣಿಗೋ ತಿಂಗಳ ಗೌರವಧನವನ್ನು ಗೊತ್ತುಮಾಡಲಿ. ದೈಹಿಕ ಶಿಕ್ಷಕರಿಲ್ಲದ ಸಣ್ಣ ಶಾಲೆಗಳಿರುವಲ್ಲಿ ಇದು ಅತ್ಯವಶ್ಯ. ಪಂದ್ಯಾಟಕ್ಕೆ ಕೊಡುವ ಪಾರಿತೋಷಕದ ಹಣದಲ್ಲಿ ಒಂದಂಶದಿಂದ ವರ್ಷವಿಡೀ ಸಾಲುವಷ್ಟು ಚೆಂಡುಗಳನ್ನೂ ಎರಡು ದೀಪಗಳನ್ನೂ ಕೊಡಿಸಲಿ. ಊರಿಗೆ ಹೋದವರು ಗ್ರಾಮಸಭೆಯಿರುವ ದಿನ ಅಲ್ಲಿ ಹಾಜರಿದ್ದು, ರಸ್ತೆಯ ಅಂಚಿನಲ್ಲಿ ನಡೆಯಲು ದಾರಿ, ಶಾಲೆಯ ಬಳಿ ವೇಗ ತಡೆಯುವ ಉಬ್ಬು, ಬಯಲಿನ ಹದ್ದುಬಸ್ತು, ಇವುಗಳಿಗಾಗಿ ಬರವಣಿಗೆಯಲ್ಲಿ ಅರ್ಜಿ ಕೊಡಲಿ. ವರ್ಷದ ಕೊನೆಯಲ್ಲಿ ಎಷ್ಟು ದಿನ ಬಯಲು ತೆರೆದಿತ್ತು, ದಿನಕ್ಕೆ ಎಷ್ಟು ಮಂದಿ ಬಂದರು ಎಂಬ ಲೆಕ್ಕವನ್ನು ತರಿಸಿಕೊಳ್ಳಲಿ. ಜಮಾಖರ್ಚಿನ ಪುಸ್ತಕವನ್ನು ದಿನವೂ ಬರೆಯುವ ಗುಮಾಸ್ತ ಮಿತ್ರರಿಗೆ ಇದರ ನಮೂನೆಯನ್ನು ತಯಾರಿಸುವುದು ಅರ್ಧ ಗಂಟೆಯ ಕೆಲಸ.

ಹಣವೆಲ್ಲಿಂದ ಎಂದು ಕೇಳುವವರಿಗೆ ನಮ್ಮದೇ ಚರಿತ್ರೆಯು ಉತ್ತರ ಹೇಳುತ್ತದೆ. ಮುಂಬಯಿಯಲ್ಲಿ ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಓದಿ ಮೆಟ್ರಿಕ್ ದಾಟಲೆಂದು ಕನ್ನಡದ ರಾತ್ರಿ ಶಾಲೆಗಳನ್ನು ಕಟ್ಟಿದವರು ಕೋಟ್ಯಧೀಶರಲ್ಲ. ಸಣ್ಣ ಸಣ್ಣ ಹೊಟೇಲುಗಳವರೂ ನೌಕರರೂ ತಿಂಗಳು ತಿಂಗಳೂ ಕೂಡಿಸಿದ ಹಣದಿಂದ ಆ ಶಾಲೆಗಳು ನಡೆದುವು. ಅವುಗಳಲ್ಲಿ ಓದಿದವರು ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಮೇಲೇರಿದರು, ಕೆಲವರು ವಕೀಲರಾದರು. ವಿದ್ಯೆಗೆ ಅಂದು ಮಾಡಿದುದನ್ನು ದೇಹದ ಸ್ವಾಸ್ಥ್ಯಕ್ಕೆ ಇಂದು ಮಾಡಲಾಗದೆಂದು ನಾವು ಒಪ್ಪೆವು.

ಊರಿನ ಮಾತಾಡುವಾಗ ನಮ್ಮ ಮೈಯನ್ನೂ ಮರೆಯುವಂತಿಲ್ಲ. ಹತ್ತು ಹನ್ನೆರಡು ಗಂಟೆ ಒಂದೇ ಕಡೆ ಕಾವಲಿಯ ಮುಂದೆ ನಿಲ್ಲುವುದು ವ್ಯಾಯಾಮವಲ್ಲ. ಅದರಿಂದ ಕಾಲಿನ ನರಗಳು ಉಬ್ಬುತ್ತವೆ. ಗುಮಾಸ್ತನು ಲೋಕಲ್ ಗಾಡಿಯಲ್ಲಿ ಜೋತಾಡಿ ಬಂದು ಎಂಟು ಗಂಟೆ ಕುರ್ಚಿಗೆ ಅಂಟಿಕೊಂಡಿರುತ್ತಾನೆ. ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ನಡೆಯಲು ಮಾಲಕರು ನೌಕರರಿಗೆ ಅವಕಾಶ ಕೊಡಬೇಕು. ವಾರದ ರಜೆಯನ್ನು ತಪ್ಪದೆ ಕೊಡಬೇಕು. ರೋಗಿಷ್ಠನಾದ ಸಪ್ಲೈಯರನಿಂದ ಹೊಟೇಲಿಗೂ ಲಾಭವಿಲ್ಲ. ಇಲ್ಲಿ ನಡೆದು ರೂಢಿಯಾದವನು ಊರಿಗೆ ಹೋದಾಗ ಹೇಳುವ ಮಾತಿಗೆ ತೂಕವಿರು‍ತ್ತದೆ.

ನಮ್ಮಲ್ಲಿ ಬಹುಮಂದಿ ಮುಪ್ಪಿನಲ್ಲಿ ಊರಿಗೆ ಮರಳಿ ನೆಮ್ಮದಿಯಿಂದಿರಬೇಕೆಂಬ ಆಶೆಯಿಂದ ಇಲ್ಲಿ ಬೆವರು ಸುರಿಸುತ್ತಿದ್ದೇವೆ. ಅಲ್ಲಿ ಮನೆ ಕಟ್ಟಿದ್ದೇವೆ, ಬಾವಿ ತೋಡಿದ್ದೇವೆ, ದೇವರಿಗೆ ಹೊದಿಕೆ ಮಾಡಿಸಿದ್ದೇವೆ. ಆ ಮನೆಯಲ್ಲಿ ನಮ್ಮ ವೃದ್ಧ ತಂದೆತಾಯಿಗಳು ಕೋಲಿಲ್ಲದೆ ನಡೆದಾಡಬೇಕು, ಮಕ್ಕಳು ಮರಿಗಳು ಸಂಜೆ ಬಯಲಿನಲ್ಲಿ ಕೂಗಾಡಬೇಕು. ಬರುವ ಚೌತಿಗೋ ದೀಪಾವಳಿಗೋ ಊರಿಗೆ ಹೊರಡುವ ವಾಚಕ ಬಾಂಧವರು ಬಟ್ಟೆಬರೆ, ಮಿಠಾಯಿಗಳ ಜತೆಗೆ ಒಂದು ವಾಲಿಬಾಲನ್ನೂ ಒಂದು ಬಲೆಯನ್ನೂ ಕಟ್ಟಿಕೊಂಡು ಹೋಗಲಿ. ಹೋದ ಮರುದಿನವೇ ಶಾಲೆಯ ಮೇಷ್ಟ್ರನ್ನೂ ಪಂಚಾಯತಿಯ ಸದಸ್ಯರನ್ನೂ ಕಂಡು, ಯಾವ ಜಾಗ, ಯಾವ ಹೊತ್ತು, ಯಾರ ಜವಾಬ್ದಾರಿ ಎಂಬ ಮೂರು ಮಾತುಗಳನ್ನು ನಿಶ್ಚಯಿಸಿಕೊಂಡು ಮರಳಲಿ. ಹಾಗೆ ನಿಶ್ಚಯಿಸಿದ ಊರುಗಳ ಹೆಸರನ್ನು ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.